ಇಪ್ಪತ್ತೆರಡನೆಯ ಅಧ್ಯಾಯ

ಜೂನ್ ೩, ಸೋಮವಾರ

ಲೈಬ್ರರಿಯ ಶಿಫಾರಸು ಬೋರ್ಡಿಗೆ ಈ ವಾರದ ಪುಸ್ತಕದ ಚೀಟಿ ಬರೆದು ಸಿಕ್ಕಿಸಿದೆ. “ಇದನ್ನು ಓದಿ ಮುಗಿಸಿದ ಮೇಲೆ ಅರ್ಧ ಗಂಟೆ ಯಾರ ಜೊತೆಗೂ ಮಾತಾಡಬೇಡಿ” ಎಂದು ಬರೆದಿದ್ದೆ. ಹನ್ನೊಂದು ಗಂಟೆಯೊಳಗೆ ಪುಸ್ತಕ ಹೊರಗೆ ಹೋಯಿತು. ಅದರ ಮೊದಲ ಪುಟವನ್ನೂ ನಾನು ಪೂರ್ತಿ ಓದಿಲ್ಲ.

ಇದನ್ನು ಎಲ್ಲಾದರೂ ಒಂದು ಕಡೆ ಹೇಳಿಕೊಳ್ಳದಿದ್ದರೆ ಹೊಟ್ಟೆ ಉಬ್ಬುತ್ತದೆ ಎಂದು ಈ ನೋಟ್‌ಬುಕ್ ಶುರು ಮಾಡಿದ್ದೇನೆ. ಈ ಲೈಬ್ರರಿಗೆ ಬಂದು ಮೂವತ್ತೊಂದು ವರ್ಷ. ನಮ್ಮ ಸದಸ್ಯರು ಕಪಾಟಿನ ಹತ್ತಿರ ಹೋಗುವುದಿಲ್ಲ, ಸೀದಾ ನನ್ನ ಮೇಜಿಗೆ ಬಂದು “ಏನು ಓದ್ಲಿ?” ಎನ್ನುತ್ತಾರೆ. ಅವರ ಪಾಲಿಗೆ ನಾನು ಎಲ್ಲವನ್ನೂ ಓದಿದವಳು. ಒಂದು ಕಾಲಕ್ಕೆ ಅದು ಮುಕ್ಕಾಲು ಪಾಲು ನಿಜವೂ ಆಗಿತ್ತು.

ಓದು ಬಿಟ್ಟು ಮೂರು ವರ್ಷವಾಯಿತು. ಬಿಟ್ಟೆ ಎನ್ನುವುದು ತಪ್ಪು, ಅದಾಗಿಯೇ ಬಿಟ್ಟುಹೋಯಿತು. ಯಾವುದೋ ಕಾದಂಬರಿಯ ನಲವತ್ತನೆಯ ಪುಟದಲ್ಲಿ ಒಬ್ಬ ಗಂಡಸು ಬಾಗಿಲು ತಟ್ಟಿದ. ಯಾರು ತೆಗೆದರೆ ನನಗೇನು ಅನ್ನಿಸಿತು. ಮುಚ್ಚಿಟ್ಟೆ. ಮಾರನೆಯ ದಿನ ಬೇರೆ ಪುಸ್ತಕ ತೆಗೆದರೂ ಅದೇ ಹಣೆಬರಹ. ನಮ್ಮ ಯಜಮಾನರದು ಕನ್ನಡಕದ ಅಂಗಡಿ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಎರಡೂ ಕಣ್ಣು ಪರೀಕ್ಷೆ ಮಾಡಿ, “ಕಣ್ಣು ಗಟ್ಟಿಯಾಗಿದೆ ಕಣೇ, ಕಾಯಿಲೆ ಇರೋದು ಬೇರೆ ಕಡೆ” ಎಂದರು. ತಮಾಷೆಗೆ ಅಂದದ್ದು. ನನಗೆ ನಗು ಬರಲಿಲ್ಲ.

ಆದರೆ ಓದದೆಯೂ ನಡೆಯುತ್ತದೆ. ವಾಪಸು ಬಂದ ಪುಸ್ತಕ ಎಲ್ಲವನ್ನೂ ಹೇಳುತ್ತದೆ. ಮೂಲೆ ಮಡಚಿದ ಗುರುತು ಅರವತ್ತನೆಯ ಪುಟದ ಆಚೆ ಇಲ್ಲವೆಂದರೆ ಜನ ಅಲ್ಲಿಗೇ ಕೈಬಿಟ್ಟಿದ್ದಾರೆ. ಬೆನ್ನಿನ ಹೊಲಿಗೆ ಕೊನೆಯವರೆಗೂ ಸಡಿಲವಾಗಿದ್ದರೆ ಕೂತಲ್ಲೇ ಕೂತು ಮುಗಿಸಿದ್ದಾರೆ. ಉಳಿದದ್ದಕ್ಕೆ ಹಿಂತಿರುಗಿಸುವವರ ಬಾಯಿ ಇದ್ದೇ ಇದೆ. ಬೆಳಿಗ್ಗೆ ಒಬ್ಬರು ಹೇಳಿದ್ದನ್ನು ಸಂಜೆ ಇನ್ನೊಬ್ಬರಿಗೆ ನನ್ನದೇ ಅಭಿಪ್ರಾಯವೆಂಬಂತೆ ಒಪ್ಪಿಸುತ್ತೇನೆ. ಮೂರು ವರ್ಷದಲ್ಲಿ ಒಬ್ಬರೂ ಹಿಡಿಯಲಿಲ್ಲ. ನಿಜವಾಗಿ ಓದುತ್ತಿದ್ದಾಗ ನನ್ನ ಶಿಫಾರಸು ಇಷ್ಟು ಸರಿಯಾಗಿ ತಗಲುತ್ತಿರಲಿಲ್ಲ.

ಜುಲೈ ಕೊನೆಗೆ ನನ್ನ ನಿವೃತ್ತಿ. ಎರಡು ವರ್ಷ ಮುಂದುವರಿಸುವ ವಿಚಾರ ಸಮಿತಿಯ ಮುಂದಿದೆ. ಕಾರ್ಯದರ್ಶಿಗಳು, “ನಿಮ್ಮ ಬೋರ್ಡ್ ನೋಡೋಕೇ ಜನ ಬರ್ತಾರೆ ಮೇಡಂ, ನಿಮ್ಮನ್ನ ಬಿಟ್ಟು ಏನ್ ಮಾಡೋಣ” ಎಂದು ಬೆಣ್ಣೆ ಹಚ್ಚಿ ಹೋದರು. ಬಿಟ್ಟರೆ ನಾನು ತಾನೇ ಏನು ಮಾಡಲಿ? ಮನೆಯಲ್ಲಿ ಕೂತು ಓದಲೇ?

ಜೂನ್ ೫, ಬುಧವಾರ

ಎದುರಿನ ಆಸ್ಪತ್ರೆಯಿಂದ ಒಬ್ಬಳು ಬಂದಿದ್ದಳು. ಕೈಯಲ್ಲಿ ಕೆಂಪು ಫ್ಲಾಸ್ಕು, ಬಾಚಿಕೊಳ್ಳದ ತಲೆ. ರೋಗಿಗಳ ಕಡೆಯವರಿಗೆ ನಮ್ಮಲ್ಲಿ ಹಳದಿ ಕಾರ್ಡು. ಒಂದು ಸಲಕ್ಕೆ ಒಂದು ಪುಸ್ತಕ, ಹದಿನೈದು ದಿನ. ಬೇರೆ ಯಾರೂ ಕಾಯ್ದಿರಿಸದಿದ್ದರೆ ಪುಸ್ತಕ ತಂದು ತೋರಿಸಿ, ಇನ್ನೊಂದು ಠಸ್ಸೆ ಹಾಕಿಸಿಕೊಂಡು ಮತ್ತೆ ಹದಿನೈದು ದಿನ ಇಟ್ಟುಕೊಳ್ಳಬಹುದು.

“ಮಗಳಿಗೆ ಹನ್ನೊಂದು ವರ್ಷ ಮೇಡಂ. ರಕ್ತದ ಕಾಯಿಲೆ, ಎರಡು ತಿಂಗಳಿಂದ ಹಾಸಿಗೇಲೇ ಇದಾಳೆ. ಅವಳಿಗೆ ಓದಿ ಹೇಳೋಕೆ ಒಂದು ಪುಸ್ತಕ ಬೇಕು. ರಾಜಕುಮಾರಿ ಗೀಜಕುಮಾರಿ ಬೇಡ್ವಂತೆ. ತನ್ನ ಥರಾನೇ ಮಲಗಿರೋ ಹುಡುಗಿ ಕತೆ ಬೇಕಂತೆ.”

ಹಸಿರು ರಟ್ಟಿನ ಹಳೆಯ ಕಾದಂಬರಿಯೊಂದು ನೆನಪಾಯಿತು. ಬೆಟ್ಟದ ಮೇಲಿನ ಹವಾಮಾನ ಕೇಂದ್ರದಲ್ಲಿ ಕೆಲಸ ಮಾಡುವವನೊಬ್ಬನ ಮಗಳಿಗೆ ಜ್ವರ ಹಿಡಿದು ಬಿಡುವುದಿಲ್ಲ, ಅವಳು ಮಲಗಿದಲ್ಲಿಂದಲೇ ಗಾಳಿಯ ದಿಕ್ಕು ಬರೆದಿಡುತ್ತಾಳೆ. ಇಪ್ಪತ್ತೆರಡು ಅಧ್ಯಾಯ, ನಮ್ಮಲ್ಲಿರುವುದು ಒಂದೇ ಪ್ರತಿ. ಹೋದ ತಿಂಗಳು ಅದನ್ನು ವಾಪಸು ತಂದ ಹೆಂಗಸು, “ಆ ಹುಡುಗಿ ಜ್ವರ ನಂಗೇ ಬಂದಂಗಾಯ್ತು” ಎಂದಿದ್ದಳು. ಮುಂದಿನದನ್ನು ಕೇಳಿಸಿಕೊಳ್ಳುವಷ್ಟರಲ್ಲಿ ಫೋನು ಬಂದಿತ್ತು. ಮೂಲೆ ಮಡಚಿದ ಗುರುತುಗಳು ಕೊನೆಯವರೆಗೂ ಇದ್ದವು. ಅಷ್ಟು ಸಾಕು.

ಫ್ಲಾಸ್ಕಿನವಳು ಪುಸ್ತಕವನ್ನು ಎದೆಗೊತ್ತಿಕೊಂಡು ನಿಂತಳು. “ಕೊನೆಗೆ ಆ ಹುಡುಗಿಗೆ ಏನೂ ಆಗಲ್ಲ ಅಲ್ವಾ? ಅದೊಂದು ಹೇಳ್ಬಿಡಿ. ನಾನು ಮುಂದಿಂದು ಓದ್ಕೋಬಾರ್ದು ಅಂತ ಆಣೆ ಹಾಕಿಸ್ಕೊಂಡಿದಾಳೆ. ಇಬ್ರೂ ಒಟ್ಟಿಗೇ ಓದ್ಬೇಕಂತೆ.”

“ಏನೂ ಆಗಲ್ಲ. ಧೈರ್ಯವಾಗಿ ಓದಿ” ಎಂದೆ.

ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಆ ಒಂದು ಮಾತು ಈ ಮೇಜಿನ ಹಿಂದೆ ಕೂತು ನಾನು ಯಾವತ್ತೂ ಆಡಿದವಳಲ್ಲ. ಅವಳ ಮುಖ ಅರಳಿದ್ದು ನೋಡಿ ನನಗೂ ಖುಷಿಯಾಯಿತು.

ಜೂನ್ ೧೨, ಬುಧವಾರ

ಫ್ಲಾಸ್ಕಿನವಳು ಬೆಳಿಗ್ಗೆ ಕಿಟಕಿಯಿಂದಲೇ ಕೈ ಬೀಸಿ, “ಒಂಬತ್ತು ಅಧ್ಯಾಯ ಆಯ್ತು ಮೇಡಂ!” ಎಂದು ಕೂಗಿ ಹೋದಳು. ಅಲ್ಲಿಂದ ಸಣ್ಣಗೆ ಕೊರೆತ ಶುರುವಾಯಿತು. ನಿಜವಾಗಿ ಕೊನೆಗೆ ಏನಾಗುತ್ತದೆ?

ಮೇಷ್ಟ್ರು ಬಂದಾಗ ಕೇಳೋಣವೆಂದುಕೊಂಡೆ. ನಿವೃತ್ತ ಶಾಲಾ ಮಾಸ್ತರು, ವಾರಕ್ಕೆ ನಾಲ್ಕು ಪುಸ್ತಕ ಒಯ್ಯುವ ಏಕೈಕ ಸದಸ್ಯರು. ನೇರವಾಗಿ ಕೇಳುವ ಹಾಗಿಲ್ಲ, ನಾನು ಓದಿದವಳು. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಶುರು ಮಾಡಿದೆ.

“ಆ ಹವಾಮಾನ ಕೇಂದ್ರದ ಕಾದಂಬರಿ ಇದೆಯಲ್ಲ ಮೇಷ್ಟ್ರೇ, ಕೊನೆ ಸ್ವಲ್ಪ ಭಾರ ಆಯ್ತೇನೋ ಅನ್ಸುತ್ತೆ ನನಗೆ.”

“ಸ್ವಲ್ಪಾನಾ? ಏನು ತಾಯಿ ನೀವು!” ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. “ಆ ಮಗು ಹೋಗೋದನ್ನ ಓದಿ ಎರಡು ದಿನ ನನಗೆ ಊಟ ಸೇರ್ಲಿಲ್ಲ. ಹಾಗೆ ಬರೆಯೋಕೆ ಕಲ್ಲು ಮನಸ್ಸು ಬೇಕು.”

“ಅದನ್ನೇ ನಾನೂ ಹೇಳೋಕೆ ಹೊರಟಿದ್ದು” ಎಂದೆ.

ಜೂನ್ ೧೩, ಗುರುವಾರ

ಹೇಳಿಬಿಡಬೇಕು. ನಾಳೆಯೇ.

ಜೂನ್ ೧೬, ಭಾನುವಾರ

ರಜೆ. ಆಸ್ಪತ್ರೆಗೆ ಹೋದೆ. ಮಕ್ಕಳ ವಾರ್ಡು ಮೂರನೆಯ ಮಹಡಿಯಲ್ಲಿದೆ, ಲಿಫ್ಟು ಕೆಟ್ಟಿತ್ತು. ಮೆಟ್ಟಿಲು ಹತ್ತುತ್ತಾ ಮಾತು ಜೋಡಿಸಿಕೊಂಡೆ. ‘ಕ್ಷಮಿಸಮ್ಮ, ಬೇರೆ ಪುಸ್ತಕದ ಕೊನೆಯ ಜೊತೆ ಕಲಸಿಕೊಂಡೆ. ಇದನ್ನು ಇಲ್ಲಿಗೇ ನಿಲ್ಲಿಸಿ.’ ಇಷ್ಟೇ ಹೇಳಬೇಕಾಗಿದ್ದದ್ದು.

ಹುಡುಗಿ ದಿಂಬಿಗೆ ಒರಗಿ ಕೂತಿದ್ದಳು. ತಲೆಯಲ್ಲಿ ಒಂದೂ ಕೂದಲಿಲ್ಲ, ಕಣ್ಣು ಮಾತ್ರ ಮುಖಕ್ಕಿಂತ ದೊಡ್ಡದು. ತಾಯಿ ನನ್ನನ್ನು ನೋಡಿದ್ದೇ ಎದ್ದು ಸ್ಟೂಲು ಸೀರೆಯ ಸೆರಗಿನಿಂದ ಒರೆಸಿದಳು.

“ನೀವೇನಾ ಲೈಬ್ರರಿ ಆಂಟಿ? ಎಲ್ಲಾ ಪುಸ್ತಕಾನೂ ಓದಿದೀರಂತೆ?”

“ಎಲ್ಲಾ ಅಂದ್ರೆ ಎಲ್ಲಾ ಅಲ್ಲ, ಪುಟ್ಟಿ.”

“ಎಷ್ಟು?”

“ಲೆಕ್ಕ ಇಟ್ಟಿಲ್ಲ.”

“ನಾನು ಇಟ್ಟಿದೀನಿ. ಇಲ್ಲಿಗೆ ಬಂದ ಮೇಲೆ ಏಳು. ಇದು ಮುಗಿದ್ರೆ ಎಂಟು. ಹದಿನೈದನೇ ಅಧ್ಯಾಯದಲ್ಲಿದೀವಿ. ನಂಗೆ ಆಯಾಸ ಆದ ದಿನ ಅಮ್ಮ ಅರ್ಧಕ್ಕೇ ನಿಲ್ಲಿಸ್ತಾಳೆ, ಆಮೇಲೆ ಎಲ್ಲಿಗೆ ನಿಲ್ಸಿದ್ವಿ ಅಂತ ಇಬ್ರೂ ಜಗಳ ಆಡ್ತೀವಿ.” ಅವಳು ಸ್ವಲ್ಪ ಮುಂದಕ್ಕೆ ಬಾಗಿದಳು. “ಆ ಹುಡುಗಿಗೆ ವಾಸಿ ಆಗುತ್ತೆ ಅಂತಾಳೆ ಅಮ್ಮ. ಅಮ್ಮಂದಿರು ಹಾಗೇ ಹೇಳೋದು. ನೀವು ಹೇಳ್ಬೇಡಿ. ಆದ್ರೆ ನಿಮ್ಮ ಮುಖ ನೋಡ್ತೀನಿ, ಸುಮ್ನೆ ಕೂತ್ಕೊಳ್ಳಿ.”

ನೋಡಿದಳು. ಡಾಕ್ಟರು ನಾಲಿಗೆ ನೋಡುವ ಹಾಗೆ ನೋಡಿದಳು. ನಾನು ರೆಪ್ಪೆಯನ್ನೂ ಅಲುಗಿಸಲಿಲ್ಲ.

“ಗೊತ್ತಾಗ್ಲಿಲ್ಲ” ಎಂದಳು ಕೊನೆಗೆ. “ಚೆನ್ನಾಗಿ ಬಚ್ಚಿಡ್ತೀರಾ ನೀವು.”

ತಾಯಿ ನನ್ನನ್ನು ಮೆಟ್ಟಿಲವರೆಗೆ ಕಳಿಸಲು ಬಂದಳು. ಹೇಳುವುದಾದರೆ ಅಲ್ಲೇ ಹೇಳಬೇಕಿತ್ತು. ಅವಳು ನನ್ನ ಕೈ ಹಿಡಿದು, “ಕತೆ ಮುಗಿಯೋವರೆಗೂ ಚುಚ್ಚೋಕೆ ಬಂದ್ರೆ ಅಳಲ್ಲ ಅಂತ ಮಾತು ಕೊಟ್ಟಿದಾಳೆ ಮೇಡಂ. ನಿಮ್ಮಿಂದ” ಎಂದಳು. ಅಂಥ ಹೊತ್ತಿನಲ್ಲಿ ಯಾರಾದರೂ ಏನು ಹೇಳಲು ಸಾಧ್ಯ? ಇಳಿದು ಬಂದೆ. ಆ ಹುಡುಗಿಯ ಮಾತು ನೆನಪಾಗಿ ದಾರಿಯಲ್ಲಿ ಒಂದು ಸಲ ನಗುವೂ ಬಂತು. ಚೂಟಿ.

ಜೂನ್ ೧೭, ಸೋಮವಾರ

ಸಮಿತಿ ೨೮ಕ್ಕೆ ಸೇರುತ್ತದಂತೆ. ಈಗ ‘ಓದದೆ ಪುಸ್ತಕ ಕೊಟ್ಟಳು’ ಎಂಬ ಮಾತು ಎದ್ದರೆ ಬೋರ್ಡೂ ಹೋಯಿತು, ಎರಡು ವರ್ಷವೂ ಹೋಯಿತು. ಅಷ್ಟಕ್ಕೂ ಕಾಯಿಲೆಯ ಮಗುವಿಗೆ ಕಾಯಿಲೆಯ ಕತೆ ಕೇಳಿದವಳು ಅವಳು. ನಾನೇನು ಕರೆದು ಕೊಟ್ಟೆನೇ?

ಜೂನ್ ೧೯, ಬುಧವಾರ

ದಾರಿ ಹೊಳೆಯಿತು. ಇಷ್ಟು ಸುಲಭದ್ದು ಒಂದು ವಾರದಿಂದ ಯಾಕೆ ಹೊಳೆಯಲಿಲ್ಲವೋ.

ನಾಳೆಗೆ ಅವಳ ಹದಿನೈದು ದಿನ ಮುಗಿಯುತ್ತದೆ. ಠಸ್ಸೆ ಹಾಕಿಸಲು ಪುಸ್ತಕ ತರಲೇಬೇಕು. ಕಾಯ್ದಿರಿಸುವ ರಿಜಿಸ್ಟರಿನಲ್ಲಿ ಹೋದ ವಾರದ ತಾರೀಖು ಹಾಕಿ, ಮೇಷ್ಟ್ರ ಸದಸ್ಯ ಸಂಖ್ಯೆಯನ್ನು ಬರೆದೆ. ಅವರು ಮಗಳ ಮನೆಗೆ ಹೋಗಿದ್ದಾರೆ, ಬರುವುದು ಮುಂದಿನ ತಿಂಗಳು. ಪುಸ್ತಕ ವಾಪಸು ಬಂದರೆ ಕೊನೆಯ ಅಧ್ಯಾಯ ಆ ಮಗುವಿನ ಕಿವಿಗೆ ಬೀಳುವುದಿಲ್ಲ, ನನ್ನ ಮಾತೂ ಉಳಿಯುತ್ತದೆ. ಯಾರಿಗೂ ನೋವಿಲ್ಲ.

ಜೂನ್ ೨೦, ಗುರುವಾರ

ಹತ್ತೂವರೆಗೆ ಬಂದಳು. ಪುಸ್ತಕವನ್ನು ಮಗಳ ಶಾಲು ಇರಬೇಕು, ಅದರಲ್ಲಿ ಸುತ್ತಿ ತಂದಿದ್ದಳು.

“ಇನ್ನೊಂದು ಠಸ್ಸೆ ಹಾಕ್ಬಿಡಿ ಮೇಡಂ. ಒಂದೇ ಅಧ್ಯಾಯ ಉಳಿದಿರೋದು. ನಿನ್ನೆ ಜ್ವರ ಜಾಸ್ತಿ ಆಯ್ತು, ಇಲ್ಲಾಂದ್ರೆ ಮುಗೀತಿತ್ತು.”

ರಿಜಿಸ್ಟರು ಅವಳ ಕಡೆಗೆ ತಿರುಗಿಸಿದೆ. “ಬೇರೆಯವರು ಕಾಯ್ದಿರಿಸಿದಾರೆ. ವಾಪಸು ಕೊಡಬೇಕಾಗುತ್ತೆ.”

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. “ಹನ್ನೆರಡು ಪುಟ ಮೇಡಂ. ಇವತ್ತು ಸಂಜೆ ಓದಿ, ನಾಳೆ ನೀವು ಬಾಗಿಲು ತೆಗೆಯೋ ಮುಂಚೆ ಇಲ್ಲಿ ನಿಂತಿರ್ತೀನಿ.”

“ಎಲ್ಲರೂ ಹಾಗೇ ಹೇಳ್ತಾರಮ್ಮ.”

ಪಕ್ಕದ ಮೇಜಿನ ಸಹಾಯಕಿಗೆ ಎಲ್ಲದರಲ್ಲೂ ಮೂಗು ತೂರಿಸುವ ಚಾಳಿ. ಇಬ್ಬರು ಮಕ್ಕಳ ತಾಯಿ, ಆದರೂ ಬುದ್ಧಿ ಬಂದಿಲ್ಲ. “ಮೇಷ್ಟ್ರು ಊರಲ್ಲೇ ಇಲ್ವಲ್ಲ ಮೇಡಂ, ಒಂದು ದಿನ ತಾನೇ…” ಎಂದಳು. ನಾನು ತಿರುಗಿ ನೋಡಿದ ಮೇಲೆ ಬಾಯಿ ಮುಚ್ಚಿದಳು.

“ಹಾಗಾದ್ರೆ ಇಲ್ಲೇ ಕೂತು ಓದ್ಕೊಂಡು ಹೋಗ್ಲಾ? ಆಣೆ ಮುರಿದ್ರೆ ಮುರೀಲಿ, ಹೋಗಿ ಬಾಯಲ್ಲಿ ಹೇಳ್ತೀನಿ. ಕಾಯ್ತಿದಾಳೆ ಮೇಡಂ ಅವಳು.”

ಇದನ್ನು ನಾನು ಯೋಚಿಸಿರಲಿಲ್ಲ. “ಹಳದಿ ಕಾರ್ಡಿನವರು ಒಳಗೆ ಕೂತು ಓದೋ ಹಾಗಿಲ್ಲ” ಎಂದೆ. ಅಂಥ ನಿಯಮ ಇಲ್ಲ. ಹೇಳಿದ ಮೇಲೆ ಇದ್ದದ್ದೇ ಅನ್ನಿಸಿತು. ಸಹಾಯಕಿ ತಲೆ ತಗ್ಗಿಸಿ ಠಸ್ಸೆಯ ತಾರೀಖು ತಿರುಗಿಸುತ್ತಿದ್ದಳು.

ಅವಳು ಅತ್ತಿದ್ದರೆ ಏನಾಗುತ್ತಿತ್ತೋ. ಅಳಲಿಲ್ಲ. ಮಡಚಿದ್ದ ಒಂದು ಮೂಲೆಯನ್ನು ಬೆರಳಿನಿಂದ ನೀವಿ ನೇರ ಮಾಡಿ, “ಅವಳು ಮಡಚಿದ್ದು, ತಪ್ಪು ತಿಳ್ಕೋಬೇಡಿ” ಎಂದು ಪುಸ್ತಕವನ್ನು ಮೇಜಿನ ಮೇಲಿಟ್ಟಳು. ಬೇರೆ ಒಳ್ಳೆಯ ಪುಸ್ತಕ ಕೊಡುತ್ತೇನೆಂದೆ, ಬೇಡವೆಂದು ಖಾಲಿ ಶಾಲು ಮಡಚಿಕೊಂಡು ಹೋದಳು. ಕೊಟ್ಟರೂ ಬೇಡವೆನ್ನುವವರಿಗೆ ಏನು ಮಾಡಲಾಗುತ್ತದೆ?

ಅವಳು ಹೋದ ಮೇಲೆ ಎದೆ ಹಗುರಾಯಿತು. ಮಗುವಿನ ಕೈಯಿಂದ ಕತ್ತರಿ ಕಿತ್ತುಕೊಂಡರೆ ಮಗು ಅಳುತ್ತದೆ. ಹಾಗೆಂದು ಕೊಟ್ಟು ಕೂರುತ್ತಾರೆಯೇ?

ಜೂನ್ ೨೧, ಶುಕ್ರವಾರ

ಮಧ್ಯಾಹ್ನ ಕೆಲಸವಿರಲಿಲ್ಲ. ಪುಸ್ತಕ ಕೈಗೆತ್ತಿಕೊಂಡು ಇಪ್ಪತ್ತೆರಡನೆಯ ಅಧ್ಯಾಯ ತೆರೆದೆ. ಹೇಗೆ ಸಾಯಿಸಿದ್ದಾನೆ ನೋಡೋಣ ಎನ್ನಿಸಿತ್ತು. ‘ಬೆಳಗಿನ ಜಾವಕ್ಕೆ ಗಾಳಿ ನಿಂತಿತು’ ಎಂದಿತ್ತು. ಎರಡನೆಯ ಸಾಲಿಗೆ ಕಣ್ಣು ಹೋಗಲೇ ಇಲ್ಲ. ನಿಲ್ಲಲಿ, ಬೀಸಲಿ. ಗೊತ್ತಿರುವುದನ್ನು ಮತ್ತೆ ಓದಿ ಆಗಬೇಕಾದದ್ದೇನು? ಸಹಾಯಕಿಗೆ ಕೊಟ್ಟು, ಕಾಯ್ದಿರಿಸಿದವರ ಗೂಡಿನಲ್ಲಿ ಇಡಿಸಿದೆ.

ಜೂನ್ ೨೫, ಮಂಗಳವಾರ

ಫ್ಲಾಸ್ಕಿನವಳು ಮತ್ತೆ ಬಂದು, “ಅವರು ಓದಿ ಕೊಟ್ರಾ ಮೇಡಂ?” ಎಂದು ಕೇಳಿದಳು. ಇಲ್ಲ ಎಂದೆ. ಪುಸ್ತಕ ಅವಳಿಂದ ಎಂಟು ಅಡಿ ದೂರದಲ್ಲಿತ್ತು. ಹಸಿರು ಬೆನ್ನು ಕಾಣುತ್ತಿತ್ತೋ ಏನೋ, ನಾನು ಕುರ್ಚಿಯನ್ನು ಸ್ವಲ್ಪ ಬಲಕ್ಕೆ ಎಳೆದುಕೊಂಡೆ.

“ದಿನಾ ಕೇಳ್ತಾಳೆ. ಈಗ ಜಾಸ್ತಿ ಮಾತಾಡೋಕೂ ಆಗಲ್ಲ, ಕೈಯಲ್ಲೇ ಪುಸ್ತಕದ ಥರ ಮಾಡಿ ತೋರಿಸ್ತಾಳೆ.”

“ಸರದಿ ಬಂದಾಗ ಹೇಳಿ ಕಳಿಸ್ತೀನಮ್ಮ.”

ಸಂಜೆ ಇವರ ಮುಂದೆ ಇಷ್ಟನ್ನೂ ಹೇಳಿದೆ, ಅಂದರೆ ಹೇಳಬೇಕಾದಷ್ಟನ್ನು. ಇವರು ಊಟದ ತಟ್ಟೆಯಿಂದ ತಲೆ ಎತ್ತಿ, “ಹನ್ನೆರಡು ಪುಟ ತಾನೇ, ನೀನೇ ಹೋಗಿ ಕತೆ ಬದಲಾಯಿಸಿ ಹೇಳಿ ಬರಬಹುದಿತ್ತಲ್ಲ?” ಎಂದರು. ಪುಸ್ತಕ ಎಂದರೆ ಏನೆಂದು ಗೊತ್ತಿಲ್ಲದವರು ಹೀಗೆಲ್ಲ ಮಾತಾಡುತ್ತಾರೆ. ಬರೆದವರು ಬರೆದದ್ದನ್ನು ಬದಲಾಯಿಸುವುದಕ್ಕೆ ನಾನು ಯಾರು?

ಜೂನ್ ೨೮, ಶುಕ್ರವಾರ

ಎರಡು ವರ್ಷ ಮುಂದುವರಿಸಿದರು! ಒಮ್ಮತದಿಂದ. ಕಾರ್ಯದರ್ಶಿಗಳು “ಇಂಥ ಓದುಗರು ಇನ್ನು ಹುಟ್ಟಲ್ಲ” ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಸಹಾಯಕಿ ತಟ್ಟಲಿಲ್ಲ, ನೋಡಿದೆ. ಸೋಮವಾರದಿಂದ ಅವಳನ್ನು ಕೆಳಗಿನ ಹಳೆಯ ಪತ್ರಿಕೆಗಳ ಕೋಣೆಗೆ ಹಾಕಿಸಿದ್ದೇನೆ. ಧೂಳಿಗೆ ಅವಳಿಗೆ ಉಬ್ಬಸ ಬರುತ್ತದಂತೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲಿ.

ಜುಲೈ ೩, ಬುಧವಾರ

ಮೇಷ್ಟ್ರು ಊರಿಂದ ಬಂದಿದ್ದಾರೆ. ನಾನು ಊಟಕ್ಕೆ ಹೋಗಿದ್ದಾಗ ಬಂದು, ಗೂಡಿನಲ್ಲಿ ತಮ್ಮ ಹೆಸರಿನ ಚೀಟಿ ಇದ್ದ ಹಸಿರು ಪುಸ್ತಕ ತೆಗೆದುಕೊಂಡು ಹೋದರಂತೆ. ಹೋಗಲಿ.

ಮೂರು ಗಂಟೆಗೆ ಫ್ಲಾಸ್ಕಿನವಳು ಬಂದಳು. ಕೈಯಲ್ಲಿ ಫ್ಲಾಸ್ಕು ಇರಲಿಲ್ಲ. ಅಷ್ಟರಲ್ಲೇ ಗೊತ್ತಾಯಿತು. ಭಾನುವಾರ ಬೆಳಿಗ್ಗೆಯಂತೆ.

ನಾನು ಎದ್ದು ನಿಂತೆ. ಅವಳು ಕೂರಲೂ ಇಲ್ಲ, ಅಳಲೂ ಇಲ್ಲ. ಮೇಜಿನ ಅಂಚು ಹಿಡಿದುಕೊಂಡೇ ಮಾತಾಡಿದಳು.

“ನಾನೇ ಒಂದು ಕೊನೆ ಕಟ್ಟಿ ಹೇಳಿದೆ ಮೇಡಂ. ವಾಸಿ ಆಯ್ತು, ಎದ್ದು ಓಡಾಡಿದ್ಲು ಅಂತ. ನಂಬಲಿಲ್ಲ. ‘ನಿಂಗೆ ಗೊತ್ತಿಲ್ಲಮ್ಮ, ಪುಸ್ತಕ ನಿನ್ನ ಹತ್ರ ಇಲ್ವಲ್ಲ, ಲೈಬ್ರರಿ ಆಂಟಿಗೆ ಗೊತ್ತು’ ಅಂದ್ಲು. ಕೊನೇ ಎರಡು ದಿನ ಅದೇ. ಆ ಹುಡುಗಿ ಸತ್ತುಹೋಗಿರ್ಬೇಕು, ಅದಕ್ಕೇ ಯಾರೂ ಹೇಳ್ತಿಲ್ಲ ಅಂದ್ಲು.” ಆಮೇಲೆ ತಲೆ ಎತ್ತಿ ಕೇಳಿದಳು. “ನಿಜವಾಗ್ಲೂ ಏನಾಯ್ತು ಮೇಡಂ ಕೊನೆಗೆ? ಇನ್ನು ನನ್ನ ಹತ್ರ ಯಾಕೆ ಮುಚ್ಚಿಡ್ತೀರಾ.”

ಇಷ್ಟು ದಿನದ ಭಾರ ಇಳಿಸಿಬಿಡಬೇಕು ಅನ್ನಿಸಿತು. ಒಮ್ಮೆಯಾದರೂ ನಿಜ ಹೇಳೋಣವೆಂದು, “ಸಾಯ್ತಾಳಮ್ಮ. ಕೊನೇ ಅಧ್ಯಾಯದಲ್ಲಿ ಸಾಯ್ತಾಳೆ. ಅದಕ್ಕೇ ನಾನು ಪುಸ್ತಕ ವಾಪಸು ತಗೊಂಡಿದ್ದು” ಎಂದೆ.

ಅವಳು ನನ್ನ ಎರಡೂ ಕೈ ಹಿಡಿದುಕೊಂಡು ಹಣೆಗೆ ಒತ್ತಿಕೊಂಡಳು. “ನಿಮ್ಮನ್ನ ಎಷ್ಟು ಬೈಕೊಂಡಿದ್ದೆ ಗೊತ್ತಾ ಮೇಡಂ. ನೀವು ನನ್ನ ಮಗು ಪರವಾಗಿ ನಿಂತಿದ್ರಿ” ಎಂದಳು. ಅವಳ ಕಾರ್ಡು ರದ್ದು ಮಾಡಬೇಕೆ ಎಂದು ಕೇಳಿದೆ. ಬೇಡವಂತೆ, ಇನ್ನು ಮುಂದೆ ತಾನೇ ಓದುತ್ತಾಳಂತೆ. ಹಳದಿಯ ಬದಲು ಬಿಳಿ ಕಾರ್ಡು ಬರೆದುಕೊಟ್ಟೆ.

ಮೂರು ವರ್ಷದಲ್ಲಿ ಮೊದಲ ಸಲ ಈ ಕೆಲಸ ಮಾಡಿದ್ದಕ್ಕೆ ತೃಪ್ತಿಯಾಯಿತು. ಮನೆಗೆ ನಡೆದುಕೊಂಡೇ ಬಂದೆ.

ಜುಲೈ ೯, ಮಂಗಳವಾರ

ಮೇಷ್ಟ್ರು ಬಂದರು. ಪುಸ್ತಕವನ್ನು ಮೇಜಿನ ಮೇಲಿಟ್ಟು, ಹುಡುಗರ ಹಾಗೆ ಕಿವಿ ಹಿಡಿದುಕೊಂಡರು.

“ಸೋತೆ ತಾಯಿ. ಬುದ್ಧಿ ಕಲಿಸೋದಂದ್ರೆ ಹೀಗೆ ಕಲಿಸ್ಬೇಕು.”

“ಏನು ಮೇಷ್ಟ್ರೇ?”

“ನಾನು ಕೇಳದೇ ಇದ್ದ ಪುಸ್ತಕಾನ ನನ್ನ ಹೆಸರಲ್ಲಿ ಕಾಯ್ದಿರಿಸಿದ್ದು ಯಾರು ಮತ್ತೆ? ನಾನು ಓದಿರ್ಲಿಲ್ಲ ಅಂತ ಅವತ್ತೇ ಹಿಡಿದುಬಿಟ್ರಿ ನೀವು. ನಾಲ್ಕನೇ ಅಧ್ಯಾಯಕ್ಕೇ ಬಿಟ್ಟಿದ್ದೆ ನಾನು. ನೀವು ಕೊನೆ ಭಾರ ಅಂದ್ರಲ್ಲ, ಮಗು ಸತ್ತಿರ್ಬೇಕು ಅಂದ್ಕೊಂಡೆ. ನಿಮ್ಮಂಥವರ ಮುಂದೆ ಓದಿಲ್ಲ ಅನ್ನೋಕೆ ನಾಚಿಕೆ ಆಯ್ತು.” ಅವರು ನಗುತ್ತಿದ್ದರು. “ಆಹಾ, ಏನು ಕೊನೆ ತಾಯಿ! ಬೆಳಗಾಗೋ ಹೊತ್ತಿಗೆ ಜ್ವರ ಇಳಿದು, ಆ ಹುಡುಗಿ ತಾನೇ ಅಂಗಳಕ್ಕೆ ನಡೆದು ಹೋಗಿ ಮಳೆ ಅಳೆಯೋ ಪಾತ್ರೆ ಓದ್ತಾಳಲ್ಲ… ಈ ವಯಸ್ಸಲ್ಲಿ ಗಳಗಳ ಅತ್ತುಬಿಟ್ಟೆ.”

ಆ ತಾಯಿ ಕಟ್ಟಿ ಹೇಳಿದ್ದೇ ನಿಜವಾಗಿತ್ತು.

“ಅವತ್ತೇ ನನ್ನ ತಿದ್ದಬಾರದಿತ್ತಾ?” ಎಂದರು ಮೇಷ್ಟ್ರು.

“ನಿಮ್ಮ ಮಾತಿಗೆ ಎದುರಾಡಬಾರದು ಅಂತ ಸುಮ್ಮನಾದೆ” ಎಂದೆ.

ದೊಡ್ಡ ಮನಸ್ಸು ಎಂದು ಹೊಗಳಿ, ಹೊಸದಾಗಿ ನಾಲ್ಕು ಪುಸ್ತಕ ಎತ್ತಿಕೊಂಡು ಹೋದರು. ಮೂವತ್ತು ವರ್ಷ ಗೌರವ ಕೊಟ್ಟು ಮೇಷ್ಟ್ರೇ ಮೇಷ್ಟ್ರೇ ಎಂದೆನಲ್ಲ, ಎಂಥ ಸುಳ್ಳ ಈ ಮನುಷ್ಯ! ಓದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಇಷ್ಟೆಲ್ಲ ಆಗುತ್ತಿತ್ತೇ? ಒಂದು ಮಗುವಿನ ಕೊನೆಯ ದಿನಗಳನ್ನು ಹಾಳು ಮಾಡಿದರು. ಅವರಿಗೆ ಅದು ಗೊತ್ತೂ ಇಲ್ಲ. ನೆನೆಸಿಕೊಂಡರೆ ಮೈ ಉರಿಯುತ್ತದೆ.

ಜುಲೈ ೧೦, ಬುಧವಾರ

ಫ್ಲಾಸ್ಕಿನವಳಿಗೆ ಹೇಳುವುದಿಲ್ಲ. ಈಗ ಹೇಳಿದರೆ ಅವಳಿಗೆ ಇರುವ ಒಂದು ಸಮಾಧಾನವೂ ಹೋಗುತ್ತದೆ. ಅಷ್ಟು ಕಠಿಣ ಮನಸ್ಸು ನನಗಿಲ್ಲ.

ಜುಲೈ ೧೮, ಗುರುವಾರ

ಅವಳೇ ಬಂದಳು. ಹೋದ ವಾರ ನಾನು ಹೇಳಿದ ಪುಸ್ತಕ ಓದಿ ಮುಗಿಸಿದ್ದಾಳೆ. ಅದರಲ್ಲಿ ಎಲ್ಲಿ ಅತ್ತಳು, ಎಲ್ಲಿ ನಕ್ಕಳು ಎಂದು ಒಂದೊಂದಾಗಿ ಹೇಳಿದಳು. ಬೋರ್ಡಿಗೆ ಉಪಯೋಗಕ್ಕೆ ಬರುತ್ತದೆಂದು ಕೇಳಿಸಿಕೊಂಡೆ. ಹೊರಡುವಾಗ ನಿಂತಳು.

“ಆ ಹಸಿರು ಪುಸ್ತಕ ಇದೆಯಾ ಮೇಡಂ? ಅವಳ ಜೊತೆ ಓದಿದ್ದೆಲ್ಲಾ ಇನ್ನೊಂದ್ಸಲ ಓದ್ಬೇಕು. ಕೊನೇ ಅಧ್ಯಾಯಾನೂ. ಅವಳ ಎಂಟನೇದು ಅದು. ಸತ್ರೂ ಪರವಾಗಿಲ್ಲ, ಅವಳ ಪರವಾಗಿ ನಾನು ಮುಗಿಸ್ತೀನಿ.”

ಬೈಂಡಿಂಗಿಗೆ ಕೊಟ್ಟಿದೆ, ಸೋಮವಾರ ಬನ್ನಿ ಎಂದೆ.

ಜುಲೈ ೧೯, ಶುಕ್ರವಾರ

ಪುಸ್ತಕ ಕಳೆದಿದೆ ಎನ್ನಬಹುದು. ಆದರೆ ಮೂವತ್ತೊಂದು ವರ್ಷದಲ್ಲಿ ನನ್ನ ಕೈಯಿಂದ ಒಂದು ಪುಸ್ತಕವೂ ಕಳೆದಿಲ್ಲ, ಆ ಹೆಸರು ಕೆಡಿಸಿಕೊಳ್ಳಲು ಮನಸ್ಸು ಬರಲಿಲ್ಲ. ಸುಮ್ಮನೆ ಕೊಟ್ಟರೆ ಅವಳು ಓದುತ್ತಾಳೆ. ಅವಳು ಕೊನೆಯವರೆಗೂ ಓದುವ ಜಾತಿ.

ಊಟದ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು, ಬೈಂಡಿಂಗಿನ ಚಾಕು ಮತ್ತು ಸ್ಟೀಲಿನ ಅಳತೆಪಟ್ಟಿ ತೆಗೆದುಕೊಂಡೆ. ಹೊಲಿಗೆಯ ಪಕ್ಕದಲ್ಲಿ ಪಟ್ಟಿ ಇಟ್ಟು ಎಳೆದೆ. ಆರು ಹಾಳೆ, ಹನ್ನೆರಡು ಪುಟ. ಹಳೆಯ ಕಾಗದ, ಸದ್ದೇ ಆಗಲಿಲ್ಲ. ಅಂಚು ಅಷ್ಟು ನೇರವಾಗಿದ್ದರೆ ಅನುಮಾನ ಬರುತ್ತದೆಂದು ಆಮೇಲೆ ಬೆರಳಿನಿಂದ ಅಲ್ಲಲ್ಲಿ ಜಗ್ಗಿ, ಯಾರೋ ಹರಿದ ಹಾಗೆ ಮಾಡಿದೆ. ಹಾಳೆಗಳು ಸ್ವಲ್ಪ ಹೊತ್ತು ಮೇಜಿನ ಮೇಲೆ ಬಿದ್ದಿದ್ದವು. ಓದಬೇಕು ಅನ್ನಿಸಲಿಲ್ಲ. ಸಣ್ಣಗೆ ಹರಿದು ರದ್ದಿ ಚೀಲದ ತಳಕ್ಕೆ ಹಾಕಿ ಕೈ ತೊಳೆದುಕೊಂಡೆ. ಆಮೇಲೆ ಹೊಟ್ಟೆ ತುಂಬ ಊಟ ಮಾಡಿದೆ, ಹಸಿವಾಗಿತ್ತು.

ಜುಲೈ ೨೨, ಸೋಮವಾರ

ಬಾಗಿಲು ತೆಗೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದಳು. ಪುಸ್ತಕ ಕೊಟ್ಟೆ. ಅವಳು ನೋಡುವ ಮೊದಲೇ ನಾನೇ ಕೊನೆಯ ಕಡೆ ತೆರೆದು ತೋರಿಸಿದೆ.

“ನೋಡಿ, ಬೈಂಡರ್ ಹೇಳಿದ ಮೇಲೇ ನನಗೂ ಗೊತ್ತಾಗಿದ್ದು. ಯಾರೋ ಪುಣ್ಯಾತ್ಮರು ಕೊನೇ ಅಧ್ಯಾಯಾನೇ ಹರಿದುಕೊಂಡು ಹೋಗಿದಾರೆ. ಎಂಥಾ ಜನ ಇರ್ತಾರೆ ನೋಡಿ.”

ಅವಳು ಹರಿದ ಅಂಚಿನ ಮೇಲೆ ಬೆರಳಾಡಿಸಿದಳು. ಅಲ್ಲಿಂದ ಒಂದು ಹಾಳೆ ಹಿಂದಕ್ಕೆ, ಮಗಳು ಮಡಚಿದ್ದ ಮೂಲೆಯನ್ನು ಹುಡುಕಿ ಮತ್ತೆ ಮೊದಲಿನ ಗೆರೆಯಲ್ಲೇ ಮಡಚಿದಳು. ನಿಯಮದ ಪ್ರಕಾರ ಹಾಗೆ ಮಡಚುವಂತಿಲ್ಲ, ನಾನು ಏನೂ ಅನ್ನಲಿಲ್ಲ.

“ಇರ್ಲಿ ಬಿಡಿ ಮೇಡಂ. ಕೊನೆ ಏನು ಅಂತ ನೀವು ಹೇಳಿದೀರಲ್ಲ” ಎಂದಳು. ಆಗಸ್ಟ್ ಆರರ ತಾರೀಖಿಗೆ ಠಸ್ಸೆ ಹಾಕಿ ಕೊಟ್ಟೆ.